ಮೊದಲು ಬಿಡಲಿ ಎಂಬ ಷರತ್ತು

“ಮೊದ್ಲು ಬಿಡ್ಲಿ, ಆಮ್ಯಾಲೆ ಮಾತು.” ಗಾಂಜಾ ಸೇದುವ, ನಿದ್ದೆ ಮಾತ್ರೆ ನುಂಗುವ, ಪಂಕ್ಚರ್ ಸೊಲ್ಯೂಷನ್ ಮೂಸುವ ಹುಡುಗರ ವಿಷಯ ಬಂದಾಗ ಹರಿಹರದ ಕಡೆಯ ಸಾರಥಿ ಊರಿನ ಕಟ್ಟೆಯ ಮೇಲೆ ಕೂತವರಿಂದ ಹಿಡಿದು ದಾವಣಗೆರೆಯ ಕಾಲೇಜು ಸಭಾಂಗಣದಲ್ಲಿ ಮೈಕು ಹಿಡಿದವರವರೆಗೆ ಎಲ್ಲರ ಬಾಯಲ್ಲೂ ಇದೊಂದೇ ಮಾತು. ಬಿಟ್ಟರೆ ಕೆಲಸ ಕೊಡುತ್ತೇವೆ. ಬಿಟ್ಟರೆ ಹೆಣ್ಣು ನೋಡುತ್ತೇವೆ. ಬಿಟ್ಟರೆ ಒಳಗೆ ಬಂದು ಎಲ್ಲರ ಜೊತೆ ಉಣ್ಣಲಿ, ಅಲ್ಲಿಯವರೆಗೂ ಹೊರಗಿನ ಕಟ್ಟೆಯೇ ಗತಿ. ಬಿಡುವ ದಿನದವರೆಗೂ ಆ ಹುಡುಗನ ಬದುಕನ್ನು ಬದುಕೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೇಳುವವರಲ್ಲಿ ಕೆಟ್ಟ ಉದ್ದೇಶ ಇಲ್ಲವೆಂದು ಬಲ್ಲೆ. ಮಗನ ದಾರಿ ಕಾದು ರಾತ್ರಿಯೆಲ್ಲ ಕಣ್ಣು ಮುಚ್ಚದ ಅವ್ವಂದಿರು ಇದನ್ನು ಹೇಳುತ್ತಾರೆ. ಮಾಡಿದ ಸಾಲ, ಕಳೆದ ಮರ್ಯಾದೆ ಎರಡನ್ನೂ ಎದೆಯಲ್ಲಿಟ್ಟುಕೊಂಡ ಅಪ್ಪಂದಿರು ಹೇಳುತ್ತಾರೆ. ಆದರೂ ಈ ಮಾತು ತಪ್ಪು, ಅಪಾಯಕಾರಿ ಕೂಡ. ಬಿಡಲು ಏನೇನು ಬೇಕೋ ಅದನ್ನೆಲ್ಲ ಬಿಟ್ಟ ಮೇಲೆ ಕೊಡುತ್ತೇವೆ ಎನ್ನುವುದು, ಕೈಕಾಲು ಕಟ್ಟಿ ಹೊಳೆಗೆ ಹಾಕಿ, ದಡ ಸೇರಿದರೆ ಹಗ್ಗ ಬಿಚ್ಚುತ್ತೇವೆ ಎಂದ ಹಾಗೆ.

ಗಾಂಜಾ ಗಿಡಮೂಲಿಕೆ, ಅದರಿಂದ ಏನೂ ಆಗದು ಎನ್ನುವವರ ಪಕ್ಷ ನನ್ನದಲ್ಲ. ಹದಿನಾಲ್ಕು ಹದಿನೈದರಲ್ಲೇ ಹಿಡಿದು ದಿನವೂ ಸೇದುವ ಹುಡುಗರಲ್ಲಿ ಕೆಲವರಿಗೆ ಮನಸ್ಸಿನ ತೀವ್ರ ಕಾಯಿಲೆ ಬರುವ ಸಂಭವ ಹೆಚ್ಚು. ಕಿವಿಯಲ್ಲಿ ಯಾರೋ ಮಾತಾಡಿದಂತಾಗುತ್ತದೆ, ಊರೆಲ್ಲ ತನ್ನ ಬೆನ್ನು ಹತ್ತಿದೆ ಅನಿಸುತ್ತದೆ. ಸೊಲ್ಯೂಷನ್ ಅದಕ್ಕಿಂತ ಕೆಟ್ಟದ್ದು. ಸೈಕಲ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಪುಟ್ಟ ಟ್ಯೂಬು. ಬಟ್ಟೆ ಚೂರಿಗೋ ಪ್ಲಾಸ್ಟಿಕ್ ಚೀಲಕ್ಕೋ ಹಿಂಡಿ, ಮುಖಕ್ಕೆ ಒತ್ತಿಕೊಂಡು ಎಳೆದರೆ ಕೆಲವೇ ನಿಮಿಷ ತಲೆ ತೇಲುತ್ತದೆ, ಹಸಿವು ಗೊತ್ತಾಗುವುದಿಲ್ಲ. ಮೂಗಿನ ಸುತ್ತ ಒಣಗಿ ಕೆಂಪಾದ ಚರ್ಮ, ಅಂಗಿಯ ತೋಳಿಗೆ ಮೆತ್ತಿದ ಅಂಟು, ಹತ್ತಿರ ಬಂದರೆ ಬಣ್ಣದ ಅಂಗಡಿಯ ವಾಸನೆ. ಮೊದಲ ಸಲ ಎಳೆದ ಹುಡುಗನ ಹೃದಯದ ಬಡಿತ ತಪ್ಪಿ ಅಲ್ಲೇ ಸತ್ತ ಪ್ರಕರಣಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆ ಹೆಚ್ಚಿದ್ದ ಒಂದೇ ಒಂದು ಅಮಲು ಈ ಮೂಸುವ ಪದಾರ್ಥಗಳದ್ದು: ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇ 1.17. ಇಷ್ಟು ಹಾನಿ ಇದೆಯೆಂದು ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ: ಮೊದಲು ಬಿಡಲಿ ಎಂದು ಹೇಳಿ ಹೇಳಿ ನಾವು ಎಷ್ಟು ಮಕ್ಕಳನ್ನು ಉಳಿಸಿಕೊಂಡಿದ್ದೇವೆ?

ಆ ಮಾತು ಅಕ್ಷರಶಃ ಜೀವ ತೆಗೆಯಬಲ್ಲದು. ನೈಟ್ರಾವೆಟ್‌ನಂಥ ನಿದ್ದೆ ಮಾತ್ರೆಯನ್ನು ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ನುಂಗುತ್ತಿರುವ ಹುಡುಗನಿಗೆ “ಇವತ್ತೇ ಬಿಡು, ಗಂಡಸಾದ್ರೆ ಬಿಡು” ಎಂದು ಕೋಣೆಗೆ ಹಾಕಿ ಚಿಲಕ ಜಡಿದರೆ ಅವನಿಗೆ ಫಿಟ್ಸ್ ಬರಬಹುದು, ಆ ಫಿಟ್ಸ್‌ನಲ್ಲಿ ಪ್ರಾಣ ಹೋಗಬಹುದು. ವಿಪರೀತ ಕುಡಿಯುವವನಿಗೂ ಹಾಗೆಯೇ. ಎರಡನ್ನೂ ವೈದ್ಯರ ಕಣ್ಗಾವಲಿನಲ್ಲೇ ಬಿಡಿಸಬೇಕು, ಮಾತ್ರೆಯನ್ನಂತೂ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಫೀಮಿನ ಜಾತಿಯ ನೋವಿನ ಮಾತ್ರೆ, ಹೆರಾಯಿನ್ ಇವುಗಳ ಕತೆ ಬೇರೆ. ಅಲ್ಲಿ ಬಿಡುವಾಗ ಮೈಯೆಲ್ಲ ಮುರಿದಂತಾಗುತ್ತದೆ, ಬೆವರು, ಭೇದಿ, ಆಕಳಿಕೆ, ಆದರೆ ಸಾವು ಸಾಮಾನ್ಯವಾಗಿ ಬರುವುದು ಬಿಟ್ಟ ಮೇಲೆ. ಮೂರು ತಿಂಗಳು ಜೈಲಿನಲ್ಲೋ ವ್ಯಸನಮುಕ್ತಿ ಕೇಂದ್ರದಲ್ಲೋ ಕೂಡಿಹಾಕಿದ್ದರಿಂದ ಮೈ ತಡೆಯುವ ಶಕ್ತಿ ಇಳಿದಿರುತ್ತದೆ. ಹೊರಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದ ಬಿಟ್ಟ ಮೊದಲ ವಾರಗಳೇ ಅತ್ಯಂತ ಅಪಾಯದ ದಿನಗಳೆಂಬುದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅಂದರೆ ನಾವು “ಈಗ ಸುಧಾರಿಸ್ಯಾನ” ಎಂದು ಮನೆಗೆ ಕರೆತರುವ ಹೊತ್ತಿನಲ್ಲೇ ಅವನು ಸಾವಿಗೆ ಹತ್ತಿರ ಇರುತ್ತಾನೆ. ಬಿಟ್ಟನೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಕೂತವರಿಗೆ ಈ ಅಪಾಯ ಕಾಣುವುದೇ ಇಲ್ಲ.

ಬೇರೆ ಪ್ರಶ್ನೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಬದುಕಿನ ಗುಣಮಟ್ಟ ಅಳೆಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿತು. ಅದರ ಚಿಕ್ಕ ರೂಪದಲ್ಲಿ 26 ಪ್ರಶ್ನೆಗಳಿವೆ. ಕಳೆದ ಎರಡು ವಾರಗಳನ್ನು ನೆನೆದು ಉತ್ತರಿಸಬೇಕು. ನಿನ್ನ ಬದುಕು ಹೇಗಿದೆ ಅನಿಸುತ್ತದೆ? ನಿದ್ದೆ ಸರಿಯಾಗಿ ಬರುತ್ತದೆಯೇ? ಮೈನೋವು ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ? ಖರ್ಚಿಗೆ ಸಾಕಷ್ಟು ದುಡ್ಡಿದೆಯೇ? ನಿನ್ನ ಬದುಕಿಗೆ ಅರ್ಥವಿದೆ ಅನಿಸುತ್ತದೆಯೇ? ಸ್ನೇಹಿತರ ಆಸರೆ ಸಾಕೇ? ಇರುವ ಮನೆ ಹೇಗಿದೆ? ಆಸ್ಪತ್ರೆ ಕೈಗೆ ಸಿಗುತ್ತದೆಯೇ? ಓಡಾಡಲು ಬಸ್ಸು ಗಾಡಿಯ ಅನುಕೂಲ ಹೇಗಿದೆ? ನಿನ್ನ ಬಗ್ಗೆ ನಿನಗೆ ಸಮಾಧಾನವಿದೆಯೇ? ಆ 26ರಲ್ಲಿ ಯಾವುದೂ ಗಾಂಜಾ ಸೇದುತ್ತೀಯಾ ಎಂದು ಕೇಳುವುದಿಲ್ಲ.

ಇವನ್ನು ಸಾರಥಿಯ ಒಬ್ಬ ಹುಡುಗನ ಮುಂದಿಟ್ಟು ನೋಡಿ. ಹತ್ತನೇ ತರಗತಿಗೆ ಓದು ನಿಂತಿದೆ ಎಂದುಕೊಳ್ಳಿ. ಹೊಳೆ ದಂಡೆಯ ಇಟ್ಟಿಗೆ ಭಟ್ಟಿಯಲ್ಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು ಕೂಲಿ, ಅದರಲ್ಲೂ ಮುಂಗಡದ ಲೆಕ್ಕ ಹಿಡಿದು ಉಳಿದದ್ದು. ಬೆಳಗಿನ ಜಾವದಿಂದ ಬಗ್ಗಿ ಎದ್ದು, ಬಗ್ಗಿ ಎದ್ದು, ಹಸಿಮಣ್ಣನ್ನು ಅಚ್ಚಿಗೆ ಹೊಡೆದವನ ಬೆನ್ನು ಸಂಜೆಗೆ ನೆಟ್ಟಗಾಗುವುದಿಲ್ಲ. ಲಾರಿಗೆ ಲೋಡು ಮಾಡುವವನ ಭುಜ ಮೇಲೇಳುವುದಿಲ್ಲ. ಎಷ್ಟೋ ಸಲ ಮೊದಲ ಮಾತ್ರೆ ಒಳಗೆ ಹೋಗುವುದು ಮೋಜಿಗಲ್ಲ, ನಾಳೆ ಮತ್ತೆ ಭಟ್ಟಿಗೆ ಹೋಗಬೇಕಲ್ಲ ಎಂಬುದಕ್ಕೆ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ಸಾರಥಿ–ಚಿಕ್ಕಬಿದರಿ ದಾರಿ ನೀರಿನಡಿಗೆ ಹೋಗುತ್ತದೆ. ಭಟ್ಟಿ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ. ನಿದ್ದೆ, ನೋವು, ದುಡ್ಡು, ದಾರಿ, ಆಸ್ಪತ್ರೆ: ಒಂದೊಂದಕ್ಕೂ ಅವನ ಉತ್ತರ ಏನೆಂದು ಕೇಳದೆಯೇ ಹೇಳಬಹುದು. ಇಷ್ಟೆಲ್ಲ ಇದ್ದ ಹಾಗೇ ಇರಲಿ, ಮಾತ್ರೆ ಒಂದು ಬಿಡಲಿ ಎನ್ನುತ್ತೇವೆ. ಬಿಟ್ಟರೆ ಅವನಿಗೆ ಉಳಿಯುವುದು ಏನು? ಅದೇ ಬೆನ್ನು, ಅದೇ ಮುಂಗಡ, ಅದೇ ಮುಳುಗಿದ ರಸ್ತೆ, ಈಗ ನೋವು ಮರೆಸಲು ಯಾವುದೂ ಇಲ್ಲದೆ.

ಅವನ ಅಜ್ಜನ ಕಾಲದಲ್ಲಿ ಹರಿಹರವೆಂದರೆ ಕಾರ್ಖಾನೆಯ ಊರು. ಯಂತ್ರಪುರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ದೇಶದ ಮೂಲೆ ಮೂಲೆಗೆ ಹೋದವು. ದಾವಣಗೆರೆಯ ಹತ್ತಿ ಗಿರಣಿಗಳಿಂದಾಗಿ ಆ ಊರಿಗೆ ಮ್ಯಾಂಚೆಸ್ಟರ್ ಎಂಬ ಹೆಸರೇ ಬಂದಿತ್ತು. ಐಟಿಐ ಮುಗಿಸಿದ ಹುಡುಗನಿಗೆ ಪಾಳಿ ಕೆಲಸ, ಪಿಎಫ್, ಕ್ವಾರ್ಟರ್ಸು, ಸಂಜೆಗೆ ಕಬಡ್ಡಿ ಅಂಗಳ ಇದ್ದವು. ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್‌ನ ಬಾಗಿಲೂ ಮುಚ್ಚಿತು. ಕಾರ್ಖಾನೆ ಮುಚ್ಚಿದ್ದಕ್ಕೇ ಹುಡುಗರು ಗಾಂಜಾ ಹಿಡಿದರು ಎಂಬ ಸರಳ ಲೆಕ್ಕ ನಾನು ಹೇಳುತ್ತಿಲ್ಲ, ದುಡ್ಡಿದ್ದವರ ಮಕ್ಕಳೂ ಸೇದುತ್ತಾರೆ. ಆದರೆ ಬಿಡುವವನಿಗೆ ಬಿಟ್ಟು ಹೋಗಿ ನಿಲ್ಲಲು ಒಂದು ಜಾಗ ಬೇಕು. ಮೆಡಿಕಲ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಸೇದುವವನಿಗೆ ಅಂಥ ಜಾಗ ಇದೆ: ಅಪ್ಪನ ದುಡ್ಡು, ಡಿಗ್ರಿ, ನಾಳೆಯ ಕೆಲಸ. ಅವನು ಮೂರು ವರ್ಷ ಸೇದಿ ನಾಲ್ಕನೆಯ ವರ್ಷ ಬಿಟ್ಟು ಡಾಕ್ಟರಾಗುತ್ತಾನೆ, ಯಾರೂ ಅವನನ್ನು ಗಾಂಜಾ ಗಿರಾಕಿ ಎನ್ನುವುದಿಲ್ಲ. ಭಟ್ಟಿಯ ಹುಡುಗನಿಗೆ ಅದೇ ಹೆಸರು ಸಾಯುವವರೆಗೂ ಅಂಟುತ್ತದೆ.

ಬಿಡುವವನಿಗೆ ನಿಲ್ಲಲು ಜಾಗ ಬೇಕೆಂಬ ಮಾತಿಗೆ ಜಗತ್ತಿನ ಬಹುದೊಡ್ಡ ಪುರಾವೆ ಅಮೆರಿಕದ ಸೈನಿಕರದ್ದು. ವಿಯೆಟ್ನಾಂ ಯುದ್ಧದಲ್ಲಿ ಸಾವಿರಾರು ಸೈನಿಕರು ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಅವರು ಊರಿಗೆ ಮರಳಿದರೆ ದೇಶವೇ ಕೆಡುತ್ತದೆ ಎಂದು ವಾಷಿಂಗ್ಟನ್ ಹೆದರಿತ್ತು. ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ 1970ರ ದಶಕದಲ್ಲಿ ಮರಳಿದವರ ಬೆನ್ನು ಹತ್ತಿ ಲೆಕ್ಕ ಹಿಡಿದರು. ಅಲ್ಲಿ ಚಟಕ್ಕೆ ಬಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಮರಳಿದವರು 100ಕ್ಕೆ ಸುಮಾರು 5, ಮೂರು ವರ್ಷದಲ್ಲಿ 12. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಅವರಲ್ಲಿ ಸುಮಾರು ಅರ್ಧ ಜನ ಊರಲ್ಲೂ ಒಂದಲ್ಲ ಒಂದು ಸಲ ಹೆರಾಯಿನ್ ಮುಟ್ಟಿದ್ದರು, ಆದರೂ ಬಹುಪಾಲು ಜನ ಅದರ ಕೈಗೆ ಮತ್ತೆ ಸಿಗಲಿಲ್ಲ. ಮನೆ, ಕೆಲಸ, ಹೆಂಡತಿ, ಮಕ್ಕಳು, ಊರು ಅವರನ್ನು ಹಿಡಿದುಕೊಂಡವು. ಮಾಲು ಅಲ್ಲಿಯಷ್ಟು ಸುಲಭವಾಗಿ ಸಿಗದಿದ್ದುದೂ ಒಂದು ಕಾರಣ, ನಿಜ. ಆದರೆ ಒಮ್ಮೆ ಮುಟ್ಟಿದರೆ ಮುಗಿಯಿತು, ಪೂರ್ತಿ ಬಿಡದವನಿಗೆ ಬದುಕಿಲ್ಲ ಎಂಬ ನಮ್ಮ ಕಟ್ಟೆಯ ತೀರ್ಪು ಅಲ್ಲೇ ಬಿದ್ದುಹೋಗುತ್ತದೆ.

ಪೊಲೀಸರ ದಾರಿಗೆ ಬರೋಣ, ಜನರ ಚಪ್ಪಾಳೆ ಈಗ ಹೆಚ್ಚು ಬೀಳುತ್ತಿರುವುದು ಅಲ್ಲಿಗೇ. ಹುಬ್ಬಳ್ಳಿ–ಧಾರವಾಡದಲ್ಲಿ 2024ರಲ್ಲಿ ನೂರಾರು ಯುವಕರನ್ನು ಒಟ್ಟಿಗೆ ಕರೆತಂದು ಗಾಂಜಾ ಪರೀಕ್ಷೆ ಮಾಡಿಸಿದರು. ನಮ್ಮಲ್ಲೂ ಹೀಗೇ ಆಗಬೇಕು ಎಂದು ಹೇಳಿದವರು ಕಡಿಮೆಯಿಲ್ಲ. ಮೂತ್ರ ಪರೀಕ್ಷೆ ಹೇಳುವುದು ಏನು? ಗಾಂಜಾದ ಅಂಶ ಕೊಬ್ಬಿನಲ್ಲಿ ಸೇರಿಕೊಂಡು, ದಿನವೂ ಸೇದುವವನ ಮೂತ್ರದಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ. ಅವನು ಈಗ ಅಮಲಿನಲ್ಲಿದ್ದಾನೆಯೇ, ಚಟಕ್ಕೆ ಬಿದ್ದಿದ್ದಾನೆಯೇ, ಹದಿನೈದು ದಿನದ ಹಿಂದೆಯೇ ಬಿಟ್ಟಿದ್ದಾನೆಯೇ ಎಂಬ ಯಾವುದನ್ನೂ ಆ ಪರೀಕ್ಷೆ ಹೇಳದು. ಬಿಟ್ಟು ಹದಿನೈದು ದಿನ ಹಲ್ಲು ಕಚ್ಚಿ ಕೂತ ಹುಡುಗನೂ ಅಲ್ಲಿ ಸಿಕ್ಕಿಬೀಳುತ್ತಾನೆ. ನಂತರ ಕೇಸು. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಸಣ್ಣದು, ಆದರೆ ಕೋರ್ಟಿನ ತಾರೀಕುಗಳಿಗೆ ಹೋಗುವ ಕೂಲಿ, ವಕೀಲರ ಫೀಸು, ಪೊಲೀಸ್ ವೆರಿಫಿಕೇಷನ್ನಿನಲ್ಲಿ ಬರುವ ಆ ಒಂದು ಸಾಲು ಸಣ್ಣದಲ್ಲ. ಪರೀಕ್ಷೆ ಬರೆದು ಪೊಲೀಸ್ ಪೇದೆಯಾಗಬೇಕೆಂದಿದ್ದವನು, ದುಬೈಗೆ ಹೋಗಬೇಕೆಂದಿದ್ದವನು ಅಲ್ಲಿಗೇ ನಿಂತ. ಗಾಂಜಾ ಅವನಿಗೆ ಮಾಡದ ಹಾನಿಯನ್ನು ಕೇಸು ಮಾಡಿ ಮುಗಿಸಿತು.

ಅದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಸೇವನೆಯ ಇಲ್ಲವೇ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮುಂದಾಗಿ ಅದನ್ನು ಪೂರೈಸಿದರೆ ಅವನ ಮೇಲೆ ಕೇಸು ನಡೆಸುವಂತಿಲ್ಲ. 39ನೇ ಸೆಕ್ಷನ್ ನ್ಯಾಯಾಲಯಕ್ಕೆ ಅಂಥವನನ್ನು ಸಜೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬಂದ ಮನಸ್ಸಿನ ತೊಂದರೆಯನ್ನು ಕಾಯಿಲೆಯೆಂದೇ ಕರೆದು, ಚಿಕಿತ್ಸೆ ಅವನ ಹಕ್ಕು ಎಂದಿದೆ, ಸರಪಳಿ ಹಾಕುವುದನ್ನು ನಿಷೇಧಿಸಿದೆ. ಜಾಗೃತಿ ಜಾಥಾದ ಬ್ಯಾನರಿನಲ್ಲಿ 27 ಇರುತ್ತದೆ, 64ಎ ಇರುವುದನ್ನು ನಾನು ಕಂಡಿಲ್ಲ. ಜೂನ್ 26ರ ಮಾದಕ ವಸ್ತು ವಿರೋಧಿ ಪ್ರತಿಜ್ಞೆಯ ದಿನ ಬಲಗೈ ಮುಂದೆ ಚಾಚಿ ನಿಂತ ಮಕ್ಕಳ ಸಾಲಿನಲ್ಲಿ ನಿನ್ನೆ ಸೇದಿದವನೂ ನಿಂತಿರುತ್ತಾನೆ. ಅವನಿಗೆ ಆ ಪ್ರತಿಜ್ಞೆಯಿಂದ ತಿಳಿಯುವುದು ಒಂದೇ: ಇಲ್ಲಿ ಯಾರ ಹತ್ತಿರವೂ ಬಾಯಿ ಬಿಡಬಾರದು. ಅದೇ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದರೆ ಅವಳ ಬಾಯಿಗೆ ಇನ್ನೊಂದು ಬೀಗ. ಹುಡುಗ ಕೆಟ್ಟರೆ ದಾರಿ ತಪ್ಪಿದ ಎನ್ನುತ್ತಾರೆ, ಹುಡುಗಿಗೆ ಅಷ್ಟು ಮೃದುವಾದ ಮಾತೂ ಸಿಗುವುದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಅವಳು ಕಾಣುವುದೇ ಅಪರೂಪ.

ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಸೇರಿಸುವವರ ಸಂಕಟ ಇನ್ನೊಂದು. ಒಳ್ಳೆಯ ಕೇಂದ್ರಗಳಿವೆ. ಆದರೆ ರಾತ್ರಿ ನಾಲ್ಕು ಜನ ಗಾಡಿಯಲ್ಲಿ ಬಂದು ಹುಡುಗನನ್ನು ಎತ್ತಿಹಾಕಿಕೊಂಡು ಹೋಗಿ, ಫೋನಿಲ್ಲದೆ, ಮನೋವೈದ್ಯರಿಲ್ಲದೆ ತಿಂಗಳುಗಟ್ಟಲೆ ಇಡುವ ಜಾಗಗಳೂ ಇವೆ. ನೆಲಮಂಗಲ ಕಡೆಯ ಒಂದು ಕೇಂದ್ರದಲ್ಲಿ ಒಬ್ಬನನ್ನು ಕೋಣೆಯಲ್ಲಿ ಕೂಡಿ ದೊಣ್ಣೆಯಿಂದ ಬಡಿದ ದೃಶ್ಯ 2025ರಲ್ಲಿ ರಾಜ್ಯವೆಲ್ಲ ನೋಡಿತು. ನೋಡಿದವರಲ್ಲಿ “ಹಂಗೆ ಬಡುದ್ರನ ಬುದ್ಧಿ ಬರೋದು” ಎಂದವರು ಇದ್ದರಲ್ಲ, ಅವರ ಬಾಯಲ್ಲಿ ಆ ಮಾತು ಹುಟ್ಟಿದ್ದು ಕೂಡ ಮೊದಲು ಬಿಡಲಿ ಎಂಬ ಷರತ್ತಿನಿಂದಲೇ. ಬಿಡುವವರೆಗೂ ಅವನು ಮನುಷ್ಯನಲ್ಲ ಎಂದಾದ ಮೇಲೆ ದೊಣ್ಣೆಗೆ ತಡೆಯೇನು?

“ಹಂಗಂದ್ರ ಸೇದ್ಲಿ ಬಿಡು ಅಂತೀರೇನ್ರಿ? ತಮ್ಮಂದ್ರು ನೋಡಿ ಕಲಿಯಲ್ಲೇನು?” ಈ ಪ್ರಶ್ನೆಗೆ ತೂಕವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಇದಕ್ಕೆ ಉತ್ತರ ಹುಡುಕಲು ಪೋರ್ಚುಗಲ್‌ಗೆ ಹೋಗುವವರಿದ್ದಾರೆ. ಅಲ್ಲಿ 2001ರಲ್ಲಿ ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆದು ಚಿಕಿತ್ಸೆಗೆ ದುಡ್ಡು ಹಾಕಿದರು, ದೇಶ ಮುಳುಗಲಿಲ್ಲ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ನಮ್ಮ ಬೀಡಿ ಕಟ್ಟು, ಸಿಗರೇಟು ಪ್ಯಾಕು ನೋಡಿದರೆ ಸಾಕು. ಅದರ ಮೇಲೆ ಬಿಡಲು ಸಹಾಯ ಬೇಕಾದರೆ ಫೋನ್ ಮಾಡಿ ಎಂದು 1800-11-2356 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಇನ್ನೂ ಸೇದುತ್ತಿರುವವನ ಕೈಗೇ ಸಹಾಯದ ನಂಬರು. ಬೀಡಿ ಸೇದುವ ಅಪ್ಪನನ್ನು ಯಾರೂ ಹೊರಗಿನ ಕಟ್ಟೆಯಲ್ಲಿ ಮಲಗಿಸಲಿಲ್ಲ, ಠಾಣೆಯಲ್ಲಿ ಕೂರಿಸಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆಯ ಚಿತ್ರ, ತೆರಿಗೆ, ಸಾರ್ವಜನಿಕ ಜಾಗದಲ್ಲಿ ನಿರ್ಬಂಧ, ಬಿಡುವವರಿಗೆ ನೆರವು, ಇಷ್ಟೇ. ಹಾಗಿದ್ದೂ ದೇಶದ ವಯಸ್ಕರಲ್ಲಿ ತಂಬಾಕು ಬಳಸುವವರ ಪ್ರಮಾಣ 2009–10ರಲ್ಲಿದ್ದ ಶೇ 34.6ರಿಂದ 2016–17ರ ಹೊತ್ತಿಗೆ ಶೇ 28.6ಕ್ಕೆ ಇಳಿಯಿತು. ಅವಮಾನ ಮಾಡದೆ ಬಿಡಿಸುವ ವಿದ್ಯೆ ನಮಗೆ ಬರುತ್ತದೆ. ಅದನ್ನು ದೊಡ್ಡವರ ಚಟಕ್ಕೆ ಬಳಸಿದೆವು, ಮಕ್ಕಳದ್ದಕ್ಕೆ ಲಾಠಿ ಇಟ್ಟುಕೊಂಡೆವು. ಮದ್ಯದ ವಿಷಯ ಎತ್ತಿದರೆ ಇನ್ನೂ ಕಷ್ಟ: 2025–26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟಿತು.

ಮನೆಯಲ್ಲಿ ಕದಿಯುವ, ಅವ್ವನ ಮೇಲೆ ಕೈ ಮಾಡುವ ಹುಡುಗನನ್ನು ಸಹಿಸಿಕೊಳ್ಳಿ ಎಂದು ಯಾವ ತಾಯಿಗೂ ಹೇಳಲಾರೆ. ಕೈ ಮಾಡಿದ್ದಕ್ಕೆ ಕೇಳಿ, ಕದ್ದದ್ದಕ್ಕೆ ಕೇಳಿ, ತಡೆಯಿರಿ, ಬೇಕಾದರೆ ಪೊಲೀಸರನ್ನೂ ಕರೆಯಿರಿ. ಅದು ಅವನು ಮಾಡಿದ ಕೆಲಸಕ್ಕೆ. ಸೇದಿದ್ದಕ್ಕೆ ಅನ್ನ, ಹಾಸಿಗೆ, ಮಾತು ಕಿತ್ತುಕೊಳ್ಳುವುದು ಬೇರೆ. ಒಂದೇ ಮನೆಯೊಳಗೆ ಈ ಎರಡರ ನಡುವೆ ಗೆರೆ ಎಳೆಯುವುದು ಕಷ್ಟ, ಆದರೆ ಎಳೆಯಲೇಬೇಕು.

ಸರ್ಕಾರದ ಸಾಧನಗಳೂ ಇಲ್ಲವೆಂದಲ್ಲ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಹಳ್ಳಿ ಆಸ್ಪತ್ರೆಗಳ ವೈದ್ಯರಿಗೇ ಮನೋರೋಗದ ಚಿಕಿತ್ಸೆ ಕಲಿಸಿ ತೋರಿಸಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರಲೆಂದೇ ರಾಜ್ಯ ಸರ್ಕಾರ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಮಾಡಿತು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಎರಡು ಮೆಡಿಕಲ್ ಕಾಲೇಜುಗಳಿವೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿಮಾನಸ್‌ನ 14416, ವ್ಯಸನಕ್ಕೆಂದೇ 14446. ಅಫೀಮು ಜಾತಿಯ ಚಟಕ್ಕೆ ಬ್ಯುಪ್ರೆನಾರ್ಫಿನ್ ಎಂಬ ಮದ್ದಿದೆ. ದಿನಕ್ಕೊಂದು ಮಾತ್ರೆ ನಾಲಿಗೆಯಡಿ ಇಟ್ಟುಕೊಂಡರೆ ಸೂಜಿ ತಪ್ಪುತ್ತದೆ, ಮೈಮುರಿತ ತಪ್ಪುತ್ತದೆ, ಹುಡುಗ ಕೆಲಸಕ್ಕೆ ಹೋಗುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. “ಒಂದು ಬಿಟ್ಟು ಇನ್ನೊಂದು ಹಿಡಿಸ್ತಾರ” ಎಂದು ಅದಕ್ಕೂ ಮೂಗು ಮುರಿಯುತ್ತೇವೆ. ಅದೂ ಅದೇ ಷರತ್ತು: ಪೂರ್ತಿ ಬಿಡದಿದ್ದರೆ ಬದುಕಿದ್ದೂ ಲೆಕ್ಕವಿಲ್ಲ. ಮದ್ಯ ವ್ಯಸನಿಗಳಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಕ್ಕವರು 38ರಲ್ಲಿ ಒಬ್ಬರು ಎಂದು ಅದೇ 2019ರ ಸಮೀಕ್ಷೆ ಹೇಳಿತು. ಉಳಿದ 37 ಮಂದಿಗೆ ಉಪದೇಶದ ಕೊರತೆಯಂತೂ ಇದ್ದಿರಲಾರದು.

ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ನಮ್ಮ ಕಡೆಯವರೂ ಬಲ್ಲರು. ಎಂಟು ದಿನದ ಶಿಬಿರದ ಭಜನೆ, ಉಪನ್ಯಾಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಎಣಿಕೆಯಲ್ಲಿ ಅದರ ಸತ್ವ ಇರುವುದು ಆಮೇಲಿನ ನವಜೀವನ ಸಮಿತಿಯಲ್ಲಿ. ಊರಿಗೆ ಮರಳಿದವನ ಜೊತೆ ಅದೇ ದಾರಿಯಲ್ಲಿ ನಡೆದವರು ಕೂಡುತ್ತಾರೆ, ಜಾರಿದವನನ್ನು ಮತ್ತೆ ಕರೆಯುತ್ತಾರೆ. ಹದಿನೆಂಟರ ಹುಡುಗನಿಗೆ, ಗಾಂಜಾ ಮಾತ್ರೆಗಳ ವಿಷಯಕ್ಕೆ, ಅಂಥದ್ದೊಂದು ಕೂಟ ಹರಿಹರದಲ್ಲಿ ಯಾಕೆ ಆಗಬಾರದು? ಸಂಜೆ ಕೂರಲು ಪಂಚಾಯ್ತಿಗಳ ಅರಿವು ಕೇಂದ್ರಗಳಿವೆ, ಶಾಲೆಯ ಅಂಗಳಗಳಿವೆ. ಬರುವವನು ಬಿಟ್ಟಿದ್ದಾನೋ ಇಲ್ಲವೋ ಎಂದು ಬಾಗಿಲಲ್ಲಿ ಕೇಳಬಾರದು, ಅಷ್ಟೇ.

ಹಾಗಾಗಿ ಊರಿನ ಹಿರಿಯರಿಗೂ ಭಟ್ಟಿಯ ಮಾಲೀಕರಿಗೂ ಕೇಳುವುದು ಇಷ್ಟು. ನಿನ್ನೆ ರಾತ್ರಿ ಸೇದಿದ್ದಾನೆಂದು ಗೊತ್ತಾದರೆ ಬೆಂಕಿಯ ಹತ್ತಿರದ ಕೆಲಸ ಕೊಡಬೇಡಿ, ಬೇರೆ ಕೆಲಸ ಕೊಡಿ, ಮನೆಗೆ ಅಟ್ಟಬೇಡಿ. ಮುಂಗಡದ ಲೆಕ್ಕವನ್ನು ಅವನ ಕಣ್ಣೆದುರಿಗೆ ಬರೆದು ತೋರಿಸಿ. ಮಂಗಳವಾರ ಅರ್ಧ ದಿನ ರಜೆ ಕೊಟ್ಟು, ಕೂಲಿ ಹಿಡಿಯದೆ, ಜೊತೆಗೆ ಒಬ್ಬರನ್ನು ಮಾಡಿ ಆಸ್ಪತ್ರೆಗೆ ಕಳಿಸಿ. ಹೊಳೆ ಬಂದು ದಾರಿ ಮುಳುಗಿದ ವಾರ ಚಿಕ್ಕಬಿದರಿ ಕಡೆಯ ಹುಡುಗರ ಮದ್ದು ತಪ್ಪದ ಹಾಗೆ ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ಮಾತಾಡಿಡಿ. ಪೊಲೀಸರು ಯಾರನ್ನಾದರೂ ಹಿಡಿದರೆ ಠಾಣೆಗೆ ಹೋಗುವವರು 64ಎ ಸೆಕ್ಷನ್ನಿನ ಹೆಸರು ಹೇಳಿ ಚಿಕಿತ್ಸೆ ಕೇಳಿ. ಮತ್ತೆ ಇವತ್ತು ರಾತ್ರಿ ಅವನು ತಡವಾಗಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದರೆ, ಬಿಟ್ಟೆಯಾ ಎಂದು ಕೇಳುವ ಮೊದಲು ಉಂಡೆಯಾ ಎಂದು ಕೇಳಿ.